ಹತ್ತು ದಿನ ಅಂಗಡಿ, ಕರೆಂಟು, ನಲ್ಲಿ ಮೂರೂ ಇಲ್ಲ ಅಂದರೆ ನಿಮ್ಮನೆಯಲ್ಲಿ ಏನಿದೆ?

ಅಂಬಾಜಿದುರ್ಗ (ಚಿಂತಾಮಣಿ), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಹೋದ ತಿಂಗಳು ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಸಂಜೆ ಗಾಳಿಮಳೆ, ಢಂ ಅಂತ ಒಂದು ಸದ್ದು, ಆಮೇಲೆ ಕತ್ತಲೆ. ಬೆಳಿಗ್ಗೆ ಬರುತ್ತೆ ಬಿಡು ಅಂದುಕೊಂಡೆವು. ಬಂದದ್ದು ಮೂರನೇ ದಿನ ಮಧ್ಯಾಹ್ನ.

ಮೊದಲ ರಾತ್ರಿ ಮಜವಾಗಿಯೇ ಇತ್ತು. ಮಕ್ಕಳು ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿದರು. ಎರಡನೇ ದಿನ ಬೆಳಿಗ್ಗೆ ಮೇಲಿನ ಟ್ಯಾಂಕು ಖಾಲಿ. ಸಂಪಿನಲ್ಲಿ ನಾಲ್ಕು ಸಾವಿರ ಲೀಟರ್ ನೀರಿದೆ, ಏರಿಸೋಕೆ ಮೋಟಾರ್ ಓಡಬೇಕು. ಫೋನು ಸತ್ತಿತ್ತು. ಅಂಗಡಿಗೆ ಹೋದರೆ ಎದುರಿಗೆ ಕ್ಯೂಆರ್ ಕೋಡ್ ನೇತಾಡುತ್ತಿದೆ, ನನ್ನ ಜೇಬಲ್ಲಿ ಹದಿನೇಳು ರೂಪಾಯಿ. ಇಪ್ಪತ್ತು ವರ್ಷದಿಂದ ಅದೇ ಅಂಗಡಿ, ಅವರು ಬರೆದುಕೊಂಡು ಕೊಟ್ಟರು, ಆ ಮಾತು ಬೇರೆ. ಇದೆಲ್ಲಕ್ಕಿಂತ ಹೆದರಿಸಿದ್ದು ಅಮ್ಮನ ಇನ್ಸುಲಿನ್. ಫ್ರಿಜ್ ಒಳಗೆ ಕೈ ಇಟ್ಟರೆ ಹೊರಗಿಗಿಂತ ಬೆಚ್ಚಗಿತ್ತು.

ಆಮೇಲೆ ರೋಷ ಬಂದು ಯೂಟ್ಯೂಬ್ ನೋಡಿ ಒಂದಿಷ್ಟು ಸಾಮಾನು ತರಿಸಿದೆ. ಕೈಯಲ್ಲಿ ತಿರುಗಿಸಿದರೆ ಚಾರ್ಜ್ ಆಗುವ ರೇಡಿಯೊ, ಚಕಮಕಿ, ಚಾಕು, ಕತ್ತರಿ, ಗರಗಸ ಎಲ್ಲ ಒಂದರಲ್ಲೇ ಮಡಿಚಿಕೊಳ್ಳುವ ಒಂದು ಆಯುಧ, ಬೆನ್ನಿಗೆ ಹಾಕುವ ದೊಡ್ಡ ಚೀಲ. ಒಟ್ಟು 4,300 ರೂಪಾಯಿ. ನಮ್ಮನೆಯವಳು ಎಲ್ಲ ನೋಡಿ ಒಂದೇ ಮಾತು ಕೇಳಿದಳು: "ಈ ಚೀಲ ಬೆನ್ನಿಗೆ ಹಾಕ್ಕೊಂಡು ಎಲ್ಲಿಗೆ ಓಡ್ತೀರ? ಅತ್ತೇನ ಯಾರು ಹೊರ್ತಾರೆ?"

ಉತ್ತರ ಇರಲಿಲ್ಲ. ನಾವು ಎಲ್ಲಿಗೂ ಓಡುವವರಲ್ಲ. ಇದ್ದಲ್ಲೇ ಇರುವವರು. ಹಾಗಾದರೆ ಇದ್ದಲ್ಲೇ ಹತ್ತು ದಿನ ತಳ್ಳಬೇಕು ಅಂದರೆ ನಮ್ಮ ಕಡೆ ಮನೆಯಲ್ಲಿ ಏನಿರಬೇಕು? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ದಯವಿಟ್ಟು ಹೇಳಿ. ಹಿಮದಲ್ಲಿ ಬದುಕೋದು ಹೇಗೆ ಅನ್ನೋ ವಿಡಿಯೊ ಮಾತ್ರ ಬೇಡ, ಅದು ಸಾಕಷ್ಟು ನೋಡಿ ಆಗಿದೆ.

ರಾಗಿ ಕಣ (ಮುಳಬಾಗಿಲು ತಾಲ್ಲೂಕು), ಭಾನುವಾರ ರಾತ್ರಿ

ಆ ಆಯುಧದಲ್ಲಿ ಸೌತೆಕಾಯಿ ಹೆಚ್ಚಬಹುದು ಸ್ವಾಮಿ, ಬೇಜಾರಾಗಬೇಡಿ.

ನಾನು ಊಟದ ವಿಷಯ ಹೇಳುತ್ತೇನೆ, ಅದೊಂದೇ ನನಗೆ ಗೊತ್ತಿರೋದು. ಹಿಟ್ಟು ಶೇಖರಿಸಬೇಡಿ, ರಾಗಿ ಶೇಖರಿಸಿ. ರಾಗಿ ಕಾಳು ಎಷ್ಟು ಸಣ್ಣದು ಅಂದರೆ ಹುಳ ಒಳಗೆ ಹೊಕ್ಕು ಸಂಸಾರ ಮಾಡೋಕೆ ಜಾಗವೇ ಇಲ್ಲ. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಇರುತ್ತೆ. ಬೀಸಿದ ಮೇಲೆ ಕಥೆ ಬೇರೆ. ಒಂದೆರಡು ತಿಂಗಳಿಗೇ ಹಿಟ್ಟು ಕಮಟು ಹೊಡೆದು ಮುದ್ದೆ ಕಹಿ ಆಗುತ್ತೆ.

ಲೆಕ್ಕ ಹೀಗಿದೆ. ಒಂದು ಮುದ್ದೆಗೆ ನೂರು, ನೂರಹತ್ತು ಗ್ರಾಂ ಹಿಟ್ಟು. ನಾಲ್ಕು ಜನ ಎರಡು ಹೊತ್ತು ಒಂದೊಂದು ಮುದ್ದೆ ಉಂಡರೆ ದಿನಕ್ಕೆ ಒಂದು ಕೆಜಿ ಒಳಗೆ, ತಿಂಗಳಿಗೆ ಹತ್ತಿರ ಹತ್ತಿರ 27 ಕೆಜಿ. ಒಂದು ಕ್ವಿಂಟಲ್ ಹಾಕಿಕೊಂಡರೆ ಮೂರೂವರೆ ತಿಂಗಳು ನಿಶ್ಚಿಂತೆ. 2025-26 ಕ್ಕೆ ಸರ್ಕಾರದ ಬೆಂಬಲ ಬೆಲೆಯೇ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ನಿಮ್ಮ ಚೀಲ, ಚಕಮಕಿಗೆ ಇನ್ನೊಂದು ಆರುನೂರು ಸೇರಿಸಿದ್ದರೆ ಸಾಕಿತ್ತು. ಸುಗ್ಗಿ ಮುಗಿದ ಮೇಲೆ, ಜನವರಿ ಆಸುಪಾಸು, ಗೊತ್ತಿರುವ ರೈತರ ಹತ್ತಿರ ತಗೊಳ್ಳಿ. ತಿಂಗಳಿಗೆ ಬೇಕಾದಷ್ಟು ಬೀಸಿಸಿ. ತಿಂದಷ್ಟು ಮತ್ತೆ ತುಂಬಿ. ತಿನ್ನದೆ ಸುಮ್ನೆ ಇಟ್ಟರೆ ಅದು ಇಲಿಗೆ ದಾಸೋಹ.

ಮುದ್ದೆಗೆ ಜೊತೆ ಬೇಕಲ್ಲ. ಹುರುಳಿ, ಅಲಸಂದೆ, ತೊಗರಿ, ಒಣಗಿದ ಅವರೆ. ನಮ್ಮಮ್ಮ ತೊಗರಿಗೆ ಕೆಮ್ಮಣ್ಣು ಕಲಸಿ ಹಚ್ಚಿ ಒಣಗಿಸಿ ಇಡುತ್ತಿದ್ದರು, ಹುಳ ಬೀಳುತ್ತಿರಲಿಲ್ಲ. ಬೇಳೆಗಾದರೆ ಹರಳೆಣ್ಣೆ ಸವರಿ. ಹುಣಸೆಹಣ್ಣು, ಉಪ್ಪು, ಒಣಮೆಣಸಿನಕಾಯಿ ಇದ್ದರೆ ಉಪ್ಸಾರು ಆಯ್ತು. ಸೊಪ್ಪು ಬೇಲಿಯಲ್ಲಿದೆ. ಬೆರಕೆ ಸೊಪ್ಪು ಗುರುತು ಹಿಡಿಯೋದು ಮಕ್ಕಳಿಗೆ ಕಲಿಸಿ, ಅದು ಯಾವ ಚೀಲದಲ್ಲೂ ಬರಲ್ಲ.

ಕ್ಯಾತ್ಸಂದ್ರ (ಈಗ ಬೆಂಗಳೂರು), ಸೋಮವಾರ ಬೆಳಿಗ್ಗೆ

ರಾಗಿ ಕಣ ಅಣ್ಣ, ನಮ್ಮ ತಾತನ ಮನೆಯಲ್ಲಿ ಹಗೇವು, ಅಂದರೆ ನೆಲದೊಳಗಿನ ಕಣಜ, ಇತ್ತಂತೆ. ನಾನು ನೋಡಿದ್ದು ಅದರ ಬಾಯಿಗೆ ಮುಚ್ಚಿದ ಚಪ್ಪಡಿ ಮಾತ್ರ. ನಿಮ್ಮ ಕಡೆ ಇನ್ನೂ ಉಂಟಾ?

ಅಂದ ಹಾಗೆ, ಹಳಬರು ಯಾಕೆ ಇಷ್ಟು ಕೂಡಿಡುತ್ತಿದ್ದರು ಅನ್ನೋದಕ್ಕೆ ಒಂದು ಲೆಕ್ಕ ಇದೆ. 1876 ರಿಂದ 78 ರವರೆಗೆ ಬಂದ ಬರ, ಧಾತು ಈಶ್ವರ ಸಂವತ್ಸರದ ಬರ ಅಂತಾರಲ್ಲ, ಅದು. 1871 ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಜನ. 1881 ರಲ್ಲಿ ಎಣಿಸಿದಾಗ 42 ಲಕ್ಷ ಕೂಡ ಪೂರ್ತಿ ಇರಲಿಲ್ಲ. ಹತ್ತು ವರ್ಷದಲ್ಲಿ ಜನ ಬೆಳೆಯಬೇಕಿತ್ತು, ಎಂಟು ಲಕ್ಷಕ್ಕೂ ಮೇಲೆ ಕಡಿಮೆಯಾದರು. ಅದನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಕಣಜ ಖಾಲಿ ಬಿಡುತ್ತಾರಾ?

ರಾಗಿ ಕಣ, ಸೋಮವಾರ ಬೆಳಿಗ್ಗೆ

ಹಗೇವು ಈಗ ಯಾರೂ ತುಂಬಲ್ಲ ತಮ್ಮ. ನಮ್ಮದು ಮುಚ್ಚಿ ಅದರ ಮೇಲೆ ಟ್ರಾಕ್ಟರ್ ನಿಲ್ಲಿಸಿದ್ದೇವೆ. ಗಟ್ಟಿ ನೆಲ ನೋಡಿ ಬಾವಿ ತರಹ ತೋಡೋದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಒತ್ತಿ ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತೋದು. ಒಳಗೆ ಗಾಳಿ ಇಲ್ಲ, ಹುಳ ಇಲ್ಲ.

ಆ ಗಾಳಿ ಇಲ್ಲದ್ದೇ ಅಪಾಯ ಕೂಡ. ಬಾಯಿ ತೆಗೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಒಂದು ಹಗಲು ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ನಾನು ಏಳೆಂಟು ವರ್ಷದವನು, ಬೋರಲು ಮಲಗಿ ಇಣುಕುತ್ತಿದ್ದೆ. ಲಾಟೀನು ಅರ್ಧ ದಾರಿವರೆಗೆ ಚೆನ್ನಾಗಿ ಉರಿಯಿತು. ಇನ್ನೂ ಎರಡು ಮೊಳ ಇಳಿಯಿತು. ಜ್ವಾಲೆ ಚಿಕ್ಕದಾಯಿತು, ನೀಲಿಯಾಯಿತು, ಪುಸಕ್ ಅಂತ ಆರಿತು. ಯಾರೂ ಊದಲಿಲ್ಲ. ನಮ್ಮ ಅಜ್ಜ ಏನೂ ಮಾತಾಡದೆ ಹಗ್ಗ ಮೇಲೆಳೆದುಕೊಂಡು, "ನಾಳೆ" ಅಂದರು. ಅಷ್ಟೇ. ಆ ದಿನ ಪಕ್ಕದ ಮನೆಯಿಂದ ಕಡ ತಂದ ಹಿಟ್ಟಿನಲ್ಲಿ ಊಟ.

ಕಡೇ ಗಂಟೆ, ಸೋಮವಾರ ಮಧ್ಯಾಹ್ನ

ರಾಗಿ, ಹುರುಳಿ ಅಂತ ಕೂತಿರಿ. ದೊಡ್ಡದೇನೋ ಬರ್ತಿದೆ, ಯಾರಿಗೂ ಅರ್ಥ ಆಗ್ತಿಲ್ಲ. 2025 ರ ಮೇ 7 ಕ್ಕೆ ದೇಶದ ತುಂಬ ಮಾಕ್ ಡ್ರಿಲ್ ಯಾಕೆ ಮಾಡಿದರು ಯೋಚಿಸಿ. ನಾನು ನಲವತ್ತು ಲೀಟರ್ ಪೆಟ್ರೋಲ್ ಕ್ಯಾನಲ್ಲಿ ತುಂಬಿ ಇಟ್ಟಿದ್ದೇನೆ. ದುಡ್ಡೆಲ್ಲ ಬ್ಯಾಂಕಿಂದ ತೆಗೆದಿದ್ದೇನೆ. ಅಕ್ಕಿ ಆರು ಮೂಟೆ. ಬುದ್ಧಿ ಇದ್ದವರು ಹೀಗೇ ಮಾಡಿ.

ಮೂರು ಫೇಸ್ (ಗೌರಿಬಿದನೂರು), ಸೋಮವಾರ ಮಧ್ಯಾಹ್ನ

ಕಡೇ ಗಂಟೆ ಸರ್, ಪೆಟ್ರೋಲ್ ಎಲ್ಲಿಟ್ಟಿದ್ದೀರಿ? ಮನೆ ಒಳಗಾ?

ಕಡೇ ಗಂಟೆ, ಸೋಮವಾರ ಮಧ್ಯಾಹ್ನ

ಮೆಟ್ಟಿಲ ಕೆಳಗೆ.

ಮೂರು ಫೇಸ್, ಸೋಮವಾರ ಮಧ್ಯಾಹ್ನ

ಹಾಗಾದರೆ ದೊಡ್ಡದು ಬರೋದು ನಿಮ್ಮ ಮೆಟ್ಟಿಲ ಕೆಳಗಿಂದಲೇ. ಪೆಟ್ರೋಲ್ ಆವಿ ನೆಲದ ಮೇಲೆ ಹರಿದು ಹೋಗುತ್ತೆ ಸರ್, ಗಾಳಿಗಿಂತ ಭಾರ. ದೇವರ ಮನೆ ದೀಪ ಸಾಕು. ಇವತ್ತೇ ಗಾಡಿಗೆ ಹಾಕಿ ಖರ್ಚು ಮಾಡಿ. ನಾನು ತಮಾಷೆ ಮಾಡ್ತಿಲ್ಲ. ಗಾಡಿಯಲ್ಲಿ ಯಾವಾಗಲೂ ಅರ್ಧ ಟ್ಯಾಂಕ್ ಇಟ್ಟುಕೊಂಡರೆ ಸಾಕು.

ಈಗ ಅಂಬಾಜಿದುರ್ಗ ಅವರಿಗೆ ಕರೆಂಟಿನ ವಿಷಯ. ನಾನು ಮೋಟಾರ್ ವೈಂಡಿಂಗ್ ಮಾಡುವವನು, ಇನ್ವರ್ಟರ್ ಕೂಡ ಹಾಕುತ್ತೇನೆ. ಮಾರೋಕೆ ಬಂದಿಲ್ಲ, ಕೇಳಿ. ಸಾಮಾನ್ಯ ಮನೆಗೆ ಹಾಕೋದು 12 ವೋಲ್ಟ್, 150 ಎಎಚ್ ಬ್ಯಾಟರಿ. ಕಾಗದದ ಮೇಲೆ 1,800 ವ್ಯಾಟ್ ಅವರ್. ಕೈಗೆ ಸಿಗೋದು 1,200 ಅಂತ ಇಟ್ಟುಕೊಳ್ಳಿ, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಹಳೇ ಫ್ಯಾನು 75 ವ್ಯಾಟ್ ಎಳೆಯುತ್ತೆ, ಈಗಿನ ಬಿಎಲ್‌ಡಿಸಿ ಫ್ಯಾನು 30 ರ ಹತ್ತಿರ. ಎಲ್‌ಇಡಿ ಬಲ್ಬು 9. ಹಳೇ ಫ್ಯಾನು ಎರಡು ಹಾಕಿಕೊಂಡು ಟಿವಿ ನೋಡಿದರೆ ಒಂದು ರಾತ್ರಿಗೆ ಮುಗಿಯಿತು. ಒಂದು ಬಿಎಲ್‌ಡಿಸಿ ಫ್ಯಾನು ರಾತ್ರಿ ಮಾತ್ರ, ಎರಡು ಬಲ್ಬು, ಫೋನ್ ಚಾರ್ಜು ಅಂದರೆ ಮೂರು ದಿನ ಎಳೆಯಬಹುದು. ಬ್ಯಾಟರಿ ದೊಡ್ಡದು ಮಾಡೋದಕ್ಕಿಂತ ಖರ್ಚು ಚಿಕ್ಕದು ಮಾಡೋದು ಅಗ್ಗ.

ಸಂಪಿನ ಮೋಟಾರು ಮನೆ ಇನ್ವರ್ಟರ್‌ಗೆ ಹಾಕಬೇಡಿ. ಅರ್ಧ ಎಚ್‌ಪಿ ಆದರೂ ಸ್ಟಾರ್ಟ್ ಆಗುವಾಗ ಮೂರ್ನಾಲ್ಕು ಪಟ್ಟು ಎಳೆಯುತ್ತೆ. ಇನ್ವರ್ಟರ್ ಕೀರಲಿ ಆಫ್ ಆಗುತ್ತೆ, ಇಲ್ಲ ಸುಟ್ಟು ನನ್ನ ಅಂಗಡಿಗೆ ಬರುತ್ತೆ. ಸಂಪಿಗೆ ಬೇಕಾದ್ದು ಹಗ್ಗ ಮತ್ತು ಬಿಂದಿಗೆ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ದಿನ ಆಯ್ತು ಅಂತ ಇಲ್ಲಿ ಓದುತ್ತಿರುವ ಎಲ್ಲರೂ ಒಮ್ಮೆ ಎದ್ದು ಹೋಗಿ ನೋಡಿ. ಬೋರ್‌ವೆಲ್ ನೀರು ಹಾಕಬೇಡಿ, ಕೈ ಮುಗಿಯುತ್ತೇನೆ.

ಕ್ಯಾತ್ಸಂದ್ರ, ಸೋಮವಾರ ಸಂಜೆ

ಬ್ಯಾಂಕಿನ ದುಡ್ಡು ಪೂರ್ತಿ ತೆಗೆಯೋದು ಏನಕ್ಕೆ? 2020 ರ ಫೆಬ್ರವರಿಯಿಂದ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇದೆ. ಎರಡು ಬೇರೆ ಬೇರೆ ಬ್ಯಾಂಕಲ್ಲಿ ಖಾತೆ ಇಟ್ಟುಕೊಳ್ಳಿ. ಮನೆಯಲ್ಲಿ ಹದಿನೈದು ದಿನದ ಸಂತೆ ಖರ್ಚಿನಷ್ಟು ನಗದು, ಅದೂ ನೂರು, ಐವತ್ತು, ಇಪ್ಪತ್ತರ ನೋಟಲ್ಲಿ. 2016 ರ ನವೆಂಬರ್ 8 ರ ರಾತ್ರಿ ನಮ್ಮಪ್ಪನ ಹತ್ತಿರ ಇದ್ದದ್ದೆಲ್ಲ ಐನೂರರ ನೋಟು. ಬೀರುವಿನಲ್ಲಿ ದುಡ್ಡಿದ್ದೂ ಹಾಲಿನವರಿಗೆ ಸಾಲ ಹೇಳಬೇಕಾಯಿತು.

ಅದೇ ತಿಂಗಳು ಉತ್ತರದ ಕಡೆ ಉಪ್ಪು ಸಿಗಲ್ಲ ಅಂತ ಸುಳ್ಳು ಸುದ್ದಿ ಹಬ್ಬಿ ಜನ ಕೆಜಿಗೆ ನೂರು, ಇನ್ನೂರು ಕೊಟ್ಟು ಮುಗಿಬಿದ್ದರು. ಮೂರು ಕಡೆ ಸಮುದ್ರ ಇರುವ ದೇಶದಲ್ಲಿ ಉಪ್ಪಿಗೆ! ಮನೆಯಲ್ಲಿ ಎರಡು ಪ್ಯಾಕೆಟ್ ಜಾಸ್ತಿ ಇದ್ದವರು ಅವತ್ತು ಸಾಲಿನಲ್ಲಿ ನಿಲ್ಲಲಿಲ್ಲ, ಅಷ್ಟೇ ವ್ಯತ್ಯಾಸ.

ಚಿತ್ರಾವತಿ ದಂಡೆ (ಬಾಗೇಪಲ್ಲಿ), ಸೋಮವಾರ ರಾತ್ರಿ

ಎಲ್ಲರೂ ಊಟ, ಕರೆಂಟು ಅಂತೀರಿ. ನಮ್ಮ ಮೂರು ಜಿಲ್ಲೆಯ ಕಷ್ಟ ಇರೋದು ನೀರಲ್ಲಿ. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಸಾವಿರ, ಸಾವಿರದ ಇನ್ನೂರು ಅಡಿ ಕೊರೆದು ಸಿಕ್ಕ ನೀರಿನಲ್ಲಿ ಫ್ಲೋರೈಡು. ನಮ್ಮ ತಂದೆಗೆ ಮೊಣಕಾಲು ಮಡಿಚೋಕೆ ಬರಲ್ಲ, ಐವತ್ತೈದಕ್ಕೇ ಬಾಗಿ ನಡೆಯುತ್ತಿದ್ದರು. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ನೀರು ಕಾಯಿಸಿ ಕುಡಿದರೆ ಎಲ್ಲ ಸರಿ ಅಂತ ಇಲ್ಲಿ ಯಾರಾದರೂ ಬರೆದೇ ಬರೆಯುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ, ಕ್ಯಾಂಡಲ್ ಫಿಲ್ಟರ್‌ನಲ್ಲೂ ಹೋಗಲ್ಲ. ಆರ್‌ಒ ತೆಗೆಯುತ್ತೆ, ಆದರೆ ಅದಕ್ಕೆ ಕರೆಂಟು ಬೇಕು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯೋಕಲ್ಲ. ನಿಮ್ಮ ಬೋರಿನ ನೀರು ಒಮ್ಮೆ ಪರೀಕ್ಷೆ ಮಾಡಿಸಿ.

ಫ್ಲೋರೈಡ್ ಇಲ್ಲದ ನೀರು ಮೇಲಿಂದ ಬೀಳುತ್ತೆ, ಪುಕ್ಕಟೆ. ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿ ಮಾಳಿಗೆ ಅಂದರೆ 93 ಚದರ ಮೀಟರ್. ಹತ್ತು ಮಿಲಿಮೀಟರಿನ ಒಂದು ಮಳೆಗೆ 930 ಲೀಟರ್, ಚೆಲ್ಲಿದ್ದು ಸೋರಿದ್ದು ಕಳೆದರೂ ಏಳುನೂರು ಕೈಗೆ ಸಿಗುತ್ತೆ. ಒಂದು ಒಳ್ಳೆ ಮಳೆಗೆ ನಮ್ಮ ಐದು ಜನರ ಕುಡಿಯೋ ನೀರು ತಿಂಗಳಿಗೆ ಬರುತ್ತೆ. ಮೊದಲ ಮಳೆ ಕೊಳೆ, ಅದನ್ನು ಬಿಟ್ಟುಬಿಡಿ. ಆಮೇಲಿನದು ಮುಚ್ಚಿದ ಡ್ರಮ್ಮಿಗೆ. ಬೆಳಕು ಬೀಳಬಾರದು, ಸೊಳ್ಳೆ ಹೋಗಬಾರದು. ಕುಡಿಯುವ ಮುಂಚೆ ಇದನ್ನು ಕಾಯಿಸಿ, ಇಲ್ಲಿ ಕಾಯಿಸೋದಕ್ಕೆ ಅರ್ಥ ಇದೆ.

ಹುಣಸೆ ತೋಪು (ಶ್ರೀನಿವಾಸಪುರ), ಸೋಮವಾರ ರಾತ್ರಿ

ಅಕ್ಕ, ಈಗ ಕೆಸಿ ವ್ಯಾಲಿ ನೀರು ಬಂದಿದೆಯಲ್ಲ ಕೆರೆಗಳಿಗೆ? 2018 ರಿಂದ ನಮ್ಮ ಕಡೆ ಬತ್ತಿದ ಬೋರು ಎಷ್ಟೋ ಬಂದಿವೆ.

ಚಿತ್ರಾವತಿ ದಂಡೆ, ಸೋಮವಾರ ರಾತ್ರಿ

ಬಂದಿವೆ, ಇಲ್ಲ ಅನ್ನಲ್ಲ. ನಮ್ಮ ಜಿಲ್ಲೆಗೆ ಎಚ್‌ಎನ್ ವ್ಯಾಲಿ ನೀರು. ಆದರೆ ಅದು ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಮಾತ್ರ ಶುದ್ಧ ಮಾಡಿದ್ದು. ಕೆರೆ ತುಂಬಿ ನೆಲಕ್ಕೆ ಇಂಗಲಿ ಅಂತ ಬಿಟ್ಟಿರೋದು, ಬಿಂದಿಗೆಗೆ ಅಲ್ಲ. ಕಷ್ಟ ಕಾಲದಲ್ಲಿ ಕೆರೆ ತುಂಬಿದೆ ಅಂತ ತಂದು ಕುಡಿಯಬೇಡಿ. ದನಕ್ಕೂ ನಾನು ಯೋಚನೆ ಮಾಡುತ್ತೇನೆ. ಎತ್ತಿನಹೊಳೆ ವಿಷಯ ಎತ್ತಬೇಡಿ, 2024 ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆ ಆಯ್ತು, ನಾನು ಬಿಂದಿಗೆ ಇಟ್ಟುಕೊಂಡೇ ಕೂತಿದ್ದೇನೆ.

ನರ್ಸಕ್ಕ (ತುಮಕೂರು), ಮಂಗಳವಾರ ಬೆಳಿಗ್ಗೆ

ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ಅಂಬಾಜಿದುರ್ಗ ಅವರೇ, ಅಮ್ಮನ ಇನ್ಸುಲಿನ್ ಬಗ್ಗೆ ಅಷ್ಟು ಹೆದರಬೇಡಿ. ತೆರೆಯದ ಬಾಟಲಿಗೆ 2 ರಿಂದ 8 ಡಿಗ್ರಿ ಬೇಕು. ಬಳಸುತ್ತಿರುವ ಬಾಟಲಿ ಸಾಮಾನ್ಯವಾಗಿ 30 ಡಿಗ್ರಿ ಒಳಗಿನ ಕೋಣೆಯಲ್ಲಿ ನಾಲ್ಕು ವಾರ ಇರುತ್ತೆ, ನಿಮ್ಮ ಬಾಟಲಿಯ ಚೀಟಿಯಲ್ಲಿ ಬರೆದಿರುತ್ತೆ, ಓದಿ. ಕರೆಂಟು ಹೋದರೆ ಮಣ್ಣಿನ ಮಡಕೆ ತಗೊಳ್ಳಿ. ಅದನ್ನು ಒದ್ದೆ ಮರಳು ತುಂಬಿದ ಅಗಲ ಪಾತ್ರೆಯಲ್ಲಿಟ್ಟು, ಇನ್ಸುಲಿನ್ನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಡಿ, ಮೇಲೆ ಒದ್ದೆ ಬಟ್ಟೆ. ಮರಳು ಒಣಗಲು ಬಿಡಬೇಡಿ. ಐಸ್ ಮೇಲೆ ನೇರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆ. ಮಡಕೆಯಲ್ಲಿಟ್ಟ ಮಾತ್ರಕ್ಕೆ ಮರೆಯಬೇಡಿ, ಶುಗರ್ ಪರೀಕ್ಷೆ ಎರಡು ಹೊತ್ತು ಮಾಡಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಯಾವಾಗಲೂ ಹದಿನೈದು ದಿನ ಮುಂಚಿತವಾಗಿ ಇರಲಿ. ನಿಜ ಹೇಳಬೇಕೆಂದರೆ, ನಾನು ನೋಡಿದ ಹಾಗೆ ಮಳೆ, ಬಂದ್, ಲಾಕ್‌ಡೌನ್ ಯಾವುದೇ ಬರಲಿ, ಆಸ್ಪತ್ರೆಗೆ ಬಂದವರಲ್ಲಿ ಹೆಚ್ಚಿನವರು ಮಾತ್ರೆ ನಿಂತು ಬಂದವರೇ.

ಭೇದಿ ಆದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು.

ಹಾವಿನ ವಿಷಯ ಯಾರೂ ಎತ್ತಲೇ ಇಲ್ಲ. ಕತ್ತಲೆಯಾದರೆ ನಮ್ಮ ಕಡೆ ಮೊದಲ ಅಪಾಯ ಅದೇ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಎತ್ತೋಕೆ ಬರಲ್ಲ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಎರಡು ಗಂಟೆ ಕಳೆಯಬೇಡಿ. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಿ ಹಾಕಿ ಚೀಪಬೇಡಿ. ಹಾವು ಹಿಡಿದು ತರಬೇಡಿ, ನಮಗೆ ಬೇಡ. ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧಿ. ಕೈಕಾಲು ಅಲ್ಲಾಡಿಸದೆ ಕರೆತನ್ನಿ. 108 ಬರೋದು ತಡ ಅನಿಸಿದರೆ ಸಿಕ್ಕ ಗಾಡಿ ಹತ್ತಿ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಔಷಧಿ ಇರುತ್ತೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ಕಚ್ಚಿದ ಮೇಲೆ ಕೇಳೋದಲ್ಲ.

ಒಂದು ಒಳ್ಳೇ ಟಾರ್ಚು ಹಾಸಿಗೆ ಪಕ್ಕ. 4,300 ರಲ್ಲಿ ಟಾರ್ಚು ಇತ್ತಾ?

ಅಂಬಾಜಿದುರ್ಗ, ಮಂಗಳವಾರ ಬೆಳಿಗ್ಗೆ

ಇಲ್ಲ ಅಕ್ಕ.

ಮಾರಿಕುಪ್ಪಂ ಲೋಕಲ್ (ಕೆಜಿಎಫ್), ಮಂಗಳವಾರ ರಾತ್ರಿ

ಒಂದು ವಿಷಯ ಬಿಟ್ಟುಹೋಗಿದೆ. ನಮ್ಮಪ್ಪ ಗಣಿಯಲ್ಲಿದ್ದವರು. ನೂರು ವರ್ಷಕ್ಕೂ ಮೇಲೆ ನಮ್ಮ ಊರಿಗೆ ಮನೆ, ನೀರು, ಆಸ್ಪತ್ರೆ, ಸಂಬಳ ಎಲ್ಲ ಗಣಿಯಿಂದ. ದೇಶದ ಬಹುಪಾಲು ಊರು ಕತ್ತಲೆಯಲ್ಲಿದ್ದಾಗ, 1902 ರಲ್ಲೇ, ಶಿವನಸಮುದ್ರದಿಂದ ನಮಗೆ ಕರೆಂಟು ಬಂತು. 2001 ರ ಫೆಬ್ರವರಿ 28 ಕ್ಕೆ ಗಣಿ ಮುಚ್ಚಿತು. ಅವತ್ತಿಂದ ಊರಿನ ಅರ್ಧ ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ನಾನೂ ಅವರಲ್ಲೊಬ್ಬ. ಈಗ ಬರೆಯುತ್ತಿರೋದೂ ರೈಲಿನಿಂದ, ವೈಟ್‌ಫೀಲ್ಡ್ ದಾಟಿದೆ.

ಗಣಿ ನಿಂತಾಗ ನಮ್ಮ ಲೈನಿನಲ್ಲಿ ಯಾರ ಮನೆಯಲ್ಲೂ ಮೂಟೆ ಇರಲಿಲ್ಲ. ಅಮ್ಮ ರವಿಕೆ ಹೊಲಿಯೋದು ಕಲಿತಿದ್ದರು, ಪಕ್ಕದ ಮನೆಯವರು ಸೈಕಲ್ ರಿಪೇರಿ. ಅದರಿಂದ ಎರಡು ಸಂಸಾರ ನಡೆಯಿತು. ಕೈಕೆಲಸ ಒಂದಿರಲಿ ಅನ್ನೋದು ನನ್ನ ಮಾತು. ಮಗಳಿಗೆ ಮಿಕ್ಸಿ ರಿಪೇರಿ ಕಲಿಸುತ್ತಿದ್ದೇನೆ, ಇಂಜಿನಿಯರಿಂಗ್ ಓದುತ್ತಿದ್ದಾಳೆ, ಸ್ಕ್ರೂ ಬಿಚ್ಚೋಕೆ ಬರುತ್ತಿರಲಿಲ್ಲ!

2020 ರ ಲಾಕ್‌ಡೌನ್‌ನಲ್ಲಿ ರೈಲು ನಿಂತಾಗ ಮತ್ತೆ ಅದೇ ಕಥೆ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ಒಂದು ನೋಟ್‌ಬುಕ್ಕಲ್ಲಿ ಬರೆದೆವು: ಯಾರಿಗೆ ಯಾವ ಮಾತ್ರೆ, ಯಾರ ಹತ್ತಿರ ಗಾಡಿ, ಯಾರ ಮನೆಯಲ್ಲಿ ಒಬ್ಬರೇ ವಯಸ್ಸಾದವರು. ಆ ಪುಸ್ತಕ ಈಗಲೂ ಇದೆ. ಕೋಲಾರದ ಕಡೆಯ ರೈತರು ಟೊಮೇಟೊ ರಸ್ತೆಗೆ ಸುರಿಯುತ್ತಿದ್ದರು, ನಮ್ಮಲ್ಲಿ ತರಕಾರಿ ಇಲ್ಲ. ಗಾಡಿ ಇದ್ದವನು ಪಾಸ್ ಮಾಡಿಸಿ ಹೋಗಿ ತಂದ.

ಹುಣಸೆ ತೋಪು, ಬುಧವಾರ

ಕಾಗದ ಪತ್ರ ಮರೆಯಬೇಡಿ. 2021 ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಲ್ಲಿ ಭೂಮಿ ನಡುಗಿತಲ್ಲ, 3 ರ ಆಸುಪಾಸು. ನನ್ನ ತಂಗಿ ಮನೆ ಆ ಕಡೆ. ಪಾತ್ರೆ ಅಲ್ಲಾಡಿತು ಅಂತ ಓಡಿ ಬಂದವರು ಚಳಿಯಲ್ಲಿ ಅಂಗಳದಲ್ಲೇ ಕೂತಿದ್ದರು. ಪಹಣಿ, ಕ್ರಯಪತ್ರ, ಆಧಾರ್, ಪಾಸ್‌ಬುಕ್ ಎಲ್ಲ ಒಳಗೆ, ಮೂರು ಬೇರೆ ಬೇರೆ ಟ್ರಂಕಿನಲ್ಲಿ. ಈಗ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿದ್ದಾಳೆ. ನಿಮ್ಮ ಬೆನ್ನಿನ ಚೀಲಕ್ಕೆ ಅದೊಂದು ಕೆಲಸ ಕೊಡಬಹುದು.

ಕಡೇ ಗಂಟೆ, ಬುಧವಾರ

ಪೆಟ್ರೋಲ್ ಖಾಲಿ ಮಾಡಿದೆ. ಅಕ್ಕಿಯಲ್ಲಿ ಹುಳ ಬಿದ್ದಿದೆ, ಆರು ಮೂಟೆಯಲ್ಲಿ ಎರಡು. ಏನು ಮಾಡೋದು?

ರಾಗಿ ಕಣ, ಬುಧವಾರ

ಜರಡಿ ಹಿಡಿದು ನೆರಳಿನಲ್ಲಿ ಹರಡಿ. ಒಣಗಿದ ಬೇವಿನ ಸೊಪ್ಪು ಹಾಕಿ ಡ್ರಮ್ಮಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಒಂದು ಮೂಟೆ ನೆಂಟರಿಗೆ ಕೊಟ್ಟುಬಿಡಿ, ಕಷ್ಟ ಬಂದಾಗ ಅವರು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ.

ಅಂಬಾಜಿದುರ್ಗ, ಮುಂದಿನ ಸೋಮವಾರ ರಾತ್ರಿ

ವರದಿ ಒಪ್ಪಿಸುತ್ತಿದ್ದೇನೆ.

ಶನಿವಾರ ಸಂಜೆ ಆರಕ್ಕೆ ಮೇನ್ ಸ್ವಿಚ್ ಇಳಿಸಿದೆ. ಮೇಲಿನ ಟ್ಯಾಂಕಿನ ವಾಲ್ವು ಮುಚ್ಚಿದೆ. ಭಾನುವಾರ ಸಂಜೆ ಆರರವರೆಗೆ ಕರೆಂಟಿಲ್ಲ, ನಲ್ಲಿ ಇಲ್ಲ, ಅಂಗಡಿ ಇಲ್ಲ ಅಂತ ಮನೆಯಲ್ಲಿ ಆರ್ಡರ್ ಹಾಕಿದೆ. ದೊಡ್ಡ ಮಗ "ನೀವು ಸುಮ್ನೆ ಇರೋಕಾಗಲ್ವಾ" ಅಂದ. ಅಣ್ಣನ ಮಗ ರಜಕ್ಕೆ ಬಂದಿದ್ದ, ಅವನಿಗೆ ಖುಷಿ.

ಊಟಕ್ಕೆ ತೊಂದರೆ ಆಗಲಿಲ್ಲ. ಗ್ಯಾಸ್ ಇತ್ತು, ರಾಗಿ ರೊಟ್ಟಿ, ಹುರುಳಿ ಉಪ್ಸಾರು. ಚಟ್ನಿಗೆ ಮಿಕ್ಸಿ ಇಲ್ಲ. ನಮ್ಮ ಒರಳು ಕಲ್ಲು ಐದು ವರ್ಷದಿಂದ ತುಳಸಿ ಕುಂಡಕ್ಕೆ ಪೀಠ. ಕುಂಡ ಇಳಿಸಿ, ಉಜ್ಜಿ ತೊಳೆದು ರುಬ್ಬಿದೆವು. ಅಮ್ಮ ಎರಡು ತುತ್ತು ಜಾಸ್ತಿ ಉಂಡರು. ಇನ್ಸುಲಿನ್ ಮಡಕೆಯಲ್ಲಿ ತಣ್ಣಗಿತ್ತು ನರ್ಸಕ್ಕ, ಶುಗರ್ ಎರಡು ಸಲ ನೋಡಿದೆ, ಎಂದಿನಂತೆ.

ಮಣ್ಣು ಮುಕ್ಕಿದ್ದು ಸಂಪಿನ ಹತ್ತಿರ. ಮುಚ್ಚಳ ಎತ್ತೋಕೆ ಇಬ್ಬರು ಬೇಕಾಯಿತು. ಹಗ್ಗ ಅಂತ ಇದ್ದದ್ದು ಬಟ್ಟೆ ಒಣಗಿಸುವ ನೈಲಾನು, ಕೈಗೆ ಹಿಡಿತವೇ ಇಲ್ಲ. ಐದನೇ ಸಲ ಎಳೆಯುವಾಗ ಗಂಟು ಜಾರಿ ಸ್ಟೀಲ್ ಬಕೆಟ್ಟು ಒಳಗೆ. ಗುಳುಂ ಅಂದು ಮುಳುಗಿತು. ನಾನು ಬೈಯೋದು ಮುಗಿಸುವಷ್ಟರಲ್ಲಿ ಅಣ್ಣನ ಮಗ ಅಂಗಿ ಬಿಚ್ಚಿ ಕಾಲು ಒಳಗಿಟ್ಟಿದ್ದ. "ಸೊಂಟದ ಮಟ್ಟ ನೀರು ಚಿಕ್ಕಪ್ಪ, ಎರಡು ನಿಮಿಷ" ಅಂದ. ರಾಗಿ ಕಣ ಅವರ ಲಾಟೀನು ಕಣ್ಣೆದುರು ಬಂತು. ರಟ್ಟೆ ಹಿಡಿದು ಎಳೆದೆ, ಸಿಮೆಂಟಿಗೆ ತರಚಿ ಅವನ ಮೊಣಕಾಲಿಗೆ ಗಾಯ. ಒಳಗಿಂದ ಅಮ್ಮ ಕೂಗುತ್ತಿದ್ದರು, "ಇಳಿಸಬೇಡ್ರೋ ಅವನ್ನ."

ಆಮೇಲೆ ಅಮ್ಮನೇ ಹೇಳಿದ್ದು, ಹಿಂದಿನ ಬೀದಿ ತಾತನ ಮನೆಯಲ್ಲಿ ಪಾತಾಳಗರಡಿ ಇರಬೇಕು ಕೇಳು ಅಂತ. ಅವರ ಬಾವಿ ಮುಚ್ಚಿ ಎಷ್ಟೋ ವರ್ಷ ಆಯಿತು. ತಾತ ಅಟ್ಟ ಹತ್ತಿಸಿ ಹುಡುಕಿಸಿದರು. ಗೋಣಿಯಲ್ಲಿ ಸುತ್ತಿಟ್ಟಿದ್ದರು, ಬಳೆಯ ಸುತ್ತ ಕೊಕ್ಕೆ ಕೊಕ್ಕೆ ಕೊಕ್ಕೆ, ತುಕ್ಕು ಹಿಡಿದಿತ್ತು. ತಾವೇ ಬಂದು ನಿಂತರು, ನನ್ನ ಕೈಗೆ ಕೊಡಲಿಲ್ಲ. ಸಂಪಿನ ತಳ ಸವರುತ್ತಾ ಸವರುತ್ತಾ, ನಾಲ್ಕನೇ ಸಲಕ್ಕೆ ಟಣ್ ಅಂತು. ಬಕೆಟ್ಟು ಬಂತು. ಅದಕ್ಕೂ ಮುಂಚೆ ಮೂರನೇ ಸಲಕ್ಕೆ ಒಂದು ಚೊಂಬು ಬಂತು, ಹೋದ ವರ್ಷ ಸಂಪು ತೊಳೆದಾಗಿನಿಂದ ಕಾಣೆಯಾಗಿತ್ತು. ಕೆಲಸದವಳು ತೆಗೆದುಕೊಂಡಿದ್ದಾಳೆ ಅಂತ ನಮ್ಮನೆಯಲ್ಲಿ ಆಗ ಮಾತಾಗಿತ್ತು. ನಾಳೆ ಅವಳ ಮುಖ ನೋಡಬೇಕು.

ನೀರಿನ ಲೆಕ್ಕ ಬರೆದಿಟ್ಟೆ. ಆರು ಜನಕ್ಕೆ ಒಂದು ದಿನ 15 ಲೀಟರಿನ 22 ಬಕೆಟ್. ಕುಡಿಯೋಕೆ, ಅಡಿಗೆಗೆ ಎರಡೇ ಎರಡು. ಕಕ್ಕಸಿಗೆ ಒಂಬತ್ತು! ಸ್ನಾನ, ಪಾತ್ರೆ ಉಳಿದದ್ದು. ಪಾತ್ರೆ ತೊಳೆದ ನೀರು ಕಕ್ಕಸಿಗೆ ಹಾಕಿದರೆ ಎಷ್ಟು ಉಳಿಯುತ್ತೆ ಅಂತ ಮುಂದಿನ ತಿಂಗಳು ನೋಡಬೇಕು.

ರಾಗಿ ಕಣ, ಸೋಮವಾರ ರಾತ್ರಿ

ಹುಡುಗನ ಕಾಲು ಹೇಗಿದೆ?

ನರ್ಸಕ್ಕ, ಸೋಮವಾರ ರಾತ್ರಿ

ಟಿಟಿ ಹಾಕಿಸಿದಿರಾ? ಮತ್ತೆ ಇನ್ನೊಂದು ಮಾತು, ಯಾರೂ ತಪ್ಪು ತಿಳಿಯಬೇಡಿ. ಲಾಟೀನು ಉರಿಯಿತು ಅಂತ ಸಂಪಿಗೆ, ಪಿಟ್ಟಿಗೆ ಇಳಿಯಬೇಡಿ. ದೀಪ ಆರಿಸದೆ ಮನುಷ್ಯನನ್ನು ಆರಿಸುವ ಗಾಳಿಯೂ ಇದೆ. ಒಬ್ಬ ಬಿದ್ದರೆ ಎತ್ತೋಕೆ ಇನ್ನೊಬ್ಬ ಹಾರುತ್ತಾನೆ. ನಮ್ಮಲ್ಲಿಗೆ ಜೋಡಿ ಜೋಡಿಯಾಗಿ ಬರುತ್ತಾರೆ.

ಅಂಬಾಜಿದುರ್ಗ, ಸೋಮವಾರ ರಾತ್ರಿ

ಹಾಕಿಸಿದೆ ಅಕ್ಕ. ಹುಡುಗ ಆರಾಮ, ಊರಿಗೆ ಹೋಗಿ ಎಲ್ಲರಿಗೂ ಕಥೆ ಹೇಳುತ್ತಿದ್ದಾನಂತೆ.

ಪಾತಾಳಗರಡಿ ವಾಪಸ್ ಕೊಡೋಕೆ ಹೋದರೆ ತಾತ ತಗೊಳ್ಳಲಿಲ್ಲ. ನಿಮ್ಮ ಬೀದಿಗೆ ಇರಲಿ, ನನಗೆ ಬೇಕಾದರೆ ಬಂದು ಕೇಳುತ್ತೇನೆ ಅಂದರು. ಮಾರಿಕುಪ್ಪಂ ಅಣ್ಣನ ಹಾಗೆ ಒಂದು ನೋಟ್‌ಬುಕ್ ತಂದಿದ್ದೇನೆ, ಮೊದಲ ಸಾಲು ಅದೇ ಬರೆದೆ: ಪಾತಾಳಗರಡಿ, ನಮ್ಮನೆ ಹಿತ್ತಲ ಗೂಟದಲ್ಲಿ.

ಇನ್ನು ಒಳ್ಳೇ ಹಗ್ಗ ಬೇಕು. ಸೇದೋ ಬಾವಿ ಹಗ್ಗ, ದಪ್ಪ ನಾರಿಂದು, ಚಿಂತಾಮಣಿ ಪೇಟೆಯಲ್ಲಿ ಎರಡು ಅಂಗಡಿ ಕೇಳಿದೆ, ನೈಲಾನೇ ತೋರಿಸುತ್ತಾರೆ. ಎಲ್ಲಿ ಸಿಗುತ್ತೆ?

ಮೂರು ಫೇಸ್, ಸೋಮವಾರ ರಾತ್ರಿ

ಸಂತೆ ದಿನ ದನದ ಸಾಮಾನು ಮಾರುವವರ ಹತ್ತಿರ ನೋಡಿ. ಹದಿನೈದು ಮೊಳ ತಗೊಳ್ಳಿ, ಹತ್ತು ಸಾಲದು. ತಂದ ಮೇಲೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ.